ಡ್ರೈವರ್‌ಗೆ ಪ್ರವೇಶ ನಿಯಂತ್ರಣ: ಸಾಧನವನ್ನು ಯಾರು, ಎಷ್ಟರ ಮಟ್ಟಿಗೆ ಮುಟ್ಟಬಹುದು ಎಂಬುದನ್ನು ಹಂತ ಹಂತವಾಗಿ ನಿಗದಿಪಡಿಸುವ ಬಗೆ

ಸಾಮಾನ್ಯ ಅಪ್ಲಿಕೇಶನ್‌ನಲ್ಲಿ ಅನುಮತಿಯ ಪರಿಶೀಲನೆ ತಪ್ಪಿದರೆ, ಹಾನಿ ಬಹುಮಟ್ಟಿಗೆ ಅದನ್ನು ಓಡಿಸುತ್ತಿರುವ ಬಳಕೆದಾರನ ಕಡತಗಳಿಗೇ ಸೀಮಿತವಾಗಿರುತ್ತದೆ. ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ, ಓಡುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಪೂರ್ಣ ಅಧಿಕಾರದಲ್ಲಿ. ಅಲ್ಲಿ ಅದೇ ತಪ್ಪಾದರೆ ಯಾವ ಅಧಿಕಾರವೂ ಇಲ್ಲದ ಖಾತೆಯೊಂದು ಇಡೀ ಯಂತ್ರವನ್ನು ವಶಪಡಿಸಿಕೊಳ್ಳಬಲ್ಲದು. 2021ರ ಮೇ ತಿಂಗಳಲ್ಲಿ ಡೆಲ್ ಕಂಪ್ಯೂಟರ್‌ಗಳ ಫರ್ಮ್‌ವೇರ್ (ಹಾರ್ಡ್‌ವೇರ್‌ನೊಳಗೇ ಇರುವ ತಂತ್ರಾಂಶ) ಅಪ್‌ಡೇಟ್ ಡ್ರೈವರ್‌ನಲ್ಲಿ ಬಯಲಾದ, ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2021-21551 ಎಂದು ದಾಖಲಾದ ದೋಷ ಇದೇ ಜಾತಿಯದು: ಡ್ರೈವರ್ ಸ್ವೀಕರಿಸುತ್ತಿದ್ದ ಕೋರಿಕೆಗಳನ್ನು ಯಾವ ಬಳಕೆದಾರ ಬೇಕಾದರೂ ಕಳುಹಿಸಬಹುದಾಗಿತ್ತು, ಮತ್ತು ಆ ಡ್ರೈವರ್ 2009ರಿಂದ ಬಳಕೆಯಲ್ಲಿತ್ತು. ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದಿರಲು ಕಾರಣ ಸರಳ. ಅನುಮತಿ ಅತಿಯಾಗಿ ಸಡಿಲವಾಗಿದ್ದಾಗ ಏನೂ ಕೆಡುವುದಿಲ್ಲ. ಎಲ್ಲವೂ ಸರಿಯಾಗಿಯೇ ಕೆಲಸ ಮಾಡುತ್ತದೆ.

ಈ ಮಾರ್ಗದರ್ಶಿ ಮುಖ್ಯವಾಗಿ ವಿಂಡೋಸ್ ಡ್ರೈವರ್‌ಗಳಿಗೆ ಸಂಬಂಧಿಸಿದ್ದು, ಕೊನೆಯ ಭಾಗದಲ್ಲಿ ಲಿನಕ್ಸ್‌ನ ವ್ಯತ್ಯಾಸಗಳನ್ನು ಚಿಕ್ಕದಾಗಿ ಹೇಳಿದ್ದೇನೆ. ಫಂಕ್ಷನ್, ಫ್ಲ್ಯಾಗ್ ಮತ್ತು ಸಂಕೇತಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಕೋಡ್‌ನಲ್ಲಿ ಅವು ರೋಮನ್ ಅಕ್ಷರಗಳಲ್ಲೇ ಇರಬೇಕು.

ಉದಾಹರಣೆಗೆ ಒಂದೇ ಸಾಧನವನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಅದು ಯಂತ್ರದೊಳಗಿನ ತಾಪಮಾನವನ್ನು ಅಳೆಯುತ್ತದೆ, ಫ್ಯಾನ್‌ನ ವೇಗವನ್ನು ಬದಲಿಸುತ್ತದೆ, ಮತ್ತು ಅದರ ಫರ್ಮ್‌ವೇರ್ ಅನ್ನು ತಿದ್ದಿ ಬರೆಯಲು ಸಾಧ್ಯವಿದೆ.

ಹಂತ 1: ಕೋಡ್‌ಗಿಂತ ಮೊದಲು ಪಟ್ಟಿ

ಡ್ರೈವರ್ ಮಾಡುವ ಪ್ರತಿಯೊಂದು ಕೆಲಸವನ್ನೂ ಒಂದು ಸಾಲಿನಲ್ಲಿ ಬರೆದು, ಅದರ ಎದುರು ಯಾರು ಅದನ್ನು ಮಾಡಬಹುದು ಎಂದು ಬರೆಯಿರಿ. ನಮ್ಮ ಸಾಧನದಲ್ಲಿ ತಾಪಮಾನವನ್ನು ಎಲ್ಲರೂ ಓದಬಹುದು. ಫ್ಯಾನ್ ವೇಗವನ್ನು ಅಡ್ಮಿನಿಸ್ಟ್ರೇಟರ್ ಗುಂಪಿನವರು ಮತ್ತು ವಿಂಡೋಸ್ ತಾನೇ ಬಳಸುವ ಸಿಸ್ಟಮ್ ಖಾತೆ ಮಾತ್ರ ಬದಲಿಸಬಹುದು. ಫರ್ಮ್‌ವೇರ್ ಅನ್ನು ಸಿಸ್ಟಮ್ ಖಾತೆಯಲ್ಲಿ ಓಡುವ ನಮ್ಮ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಮಾತ್ರ ಬರೆಯಬೇಕು. ಇದು ಹತ್ತು ನಿಮಿಷದ ಕೆಲಸ, ಆದರೆ ಮುಂದಿನ ಎಲ್ಲ ಹಂತಗಳೂ ಈ ಮೂರು ಸಾಲುಗಳಿಂದಲೇ ಹುಟ್ಟುತ್ತವೆ. ಪಟ್ಟಿಯಿಲ್ಲದೆ ಬರೆದ ಡ್ರೈವರ್‌ನಲ್ಲಿ ಅನುಮತಿಗಳು ಪರೀಕ್ಷೆಯ ಅನುಕೂಲಕ್ಕೆ ತಕ್ಕಂತೆ ಬೆಳೆಯುತ್ತವೆ. ನಾನು ಪರಿಶೀಲಿಸಿದ ಒಂದು ಡ್ರೈವರ್‌ನಲ್ಲಿ ಯಾರೋ ಪರೀಕ್ಷೆಗೆಂದು ಎಲ್ಲರಿಗೂ ಪೂರ್ಣ ಅನುಮತಿ ಕೊಟ್ಟು ‘ಆಮೇಲೆ ತೆಗೆಯಬೇಕು’ ಎಂದು ಪಕ್ಕದಲ್ಲಿ ಕಾಮೆಂಟ್ ಬರೆದಿದ್ದರು. ಆ ಕಾಮೆಂಟ್ ಸಮೇತ ಡ್ರೈವರ್ ಬಿಡುಗಡೆಯಾಗಿತ್ತು.

ಪಟ್ಟಿಯಲ್ಲಿ ‘ನಮ್ಮ ಅಪ್ಲಿಕೇಶನ್ ಮಾತ್ರ’ ಎಂದು ಬರೆಯಬೇಡಿ. ವಿಂಡೋಸ್‌ನ ಪ್ರವೇಶ ನಿಯಂತ್ರಣ ಗುರುತಿಸುವುದು ಖಾತೆಯನ್ನು, ಪ್ರೋಗ್ರಾಮನ್ನಲ್ಲ. ಪ್ರೊಸೆಸ್‌ನ ಹೆಸರು ನೋಡಿ ಬಿಡುವುದು, ಅಪ್ಲಿಕೇಶನ್‌ನೊಳಗೆ ಬಚ್ಚಿಟ್ಟ ಗುಪ್ತ ಸಂಖ್ಯೆಯನ್ನು ಕೋರಿಕೆಯ ಜೊತೆ ಕಳುಹಿಸುವುದು ಇಂಥ ಉಪಾಯಗಳನ್ನು ಬಹಳ ಡ್ರೈವರ್‌ಗಳಲ್ಲಿ ಕಂಡಿದ್ದೇನೆ. ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಅಪ್ಲಿಕೇಶನ್ ಬಳಕೆದಾರನ ಕೈಯಲ್ಲೇ ಇರುವುದರಿಂದ ಗುಪ್ತ ಸಂಖ್ಯೆಯನ್ನೂ ಅದರಿಂದ ತೆಗೆಯಬಹುದು. ಸಾಮಾನ್ಯ ಬಳಕೆದಾರನ ಅಪ್ಲಿಕೇಶನ್ ಹೆಚ್ಚಿನ ಅಧಿಕಾರದ ಕೆಲಸ ಮಾಡಿಸಬೇಕಿದ್ದರೆ ನಡುವೆ ಒಂದು ಸರ್ವಿಸ್ ಇರಲಿ; ಯಾವ ಕೋರಿಕೆ ಸರಿ ಎಂಬ ವಿವೇಚನೆ ಆ ಸರ್ವಿಸ್‌ನಲ್ಲಿ ನಡೆಯಲಿ, ಡ್ರೈವರ್ ಸರ್ವಿಸ್‌ನ ಖಾತೆಗೆ ಮಾತ್ರ ಬಾಗಿಲು ತೆರೆಯಲಿ.

ಹಂತ 2: ಪಟ್ಟಿಯನ್ನು ಅನುಮತಿ ಸಾಲಾಗಿ ಬರೆಯುವುದು

ವಿಂಡೋಸ್‌ನಲ್ಲಿ ಸಾಧನವನ್ನು ಪ್ರತಿನಿಧಿಸಲು ಡ್ರೈವರ್ ಸೃಷ್ಟಿಸುವ ಪ್ರತಿಯೊಂದು ಡಿವೈಸ್ ಆಬ್ಜೆಕ್ಟ್‌ಗೂ ಒಂದು ಸೆಕ್ಯೂರಿಟಿ ಡಿಸ್ಕ್ರಿಪ್ಟರ್, ಅಂದರೆ ಯಾರಿಗೆ ಯಾವ ಹಕ್ಕು ಎಂಬ ದಾಖಲೆ, ಇರುತ್ತದೆ. ಯಾರಾದರೂ ಸಾಧನವನ್ನು ತೆರೆಯಲು ಬಂದಾಗ ಐಒ ಮ್ಯಾನೇಜರ್ (ಕೋರಿಕೆಗಳನ್ನು ಡ್ರೈವರ್‌ಗಳಿಗೆ ತಲುಪಿಸುವ ವಿಂಡೋಸ್‌ನ ಭಾಗ) ಅವರ ಟೋಕನ್ ಅನ್ನು, ಅಂದರೆ ಖಾತೆ ಮತ್ತು ಗುಂಪುಗಳ ಗುರುತನ್ನು, ಆ ಡಿಸ್ಕ್ರಿಪ್ಟರ್‌ನೊಂದಿಗೆ ಹೋಲಿಸಿ ನೋಡುತ್ತದೆ. ಅದನ್ನು ಕೈಯಾರೆ ಕಟ್ಟುವ ಬದಲು ಎಸ್‌ಡಿಡಿಎಲ್ ಎಂಬ ಪಠ್ಯರೂಪದಲ್ಲಿ ಬರೆಯುತ್ತೇವೆ. ನಮ್ಮ ಮುಖ್ಯ ಸಾಧನದ ಸಾಲು ಹೀಗಿರುತ್ತದೆ:

ಡಿ:ಪಿ(ಎ;;ಜಿಎ;;;ಎಸ್‌ವೈ)(ಎ;;ಜಿಆರ್‌ಜಿಡಬ್ಲ್ಯುಜಿಎಕ್ಸ್;;;ಬಿಎ)(ಎ;;ಜಿಆರ್;;;ಡಬ್ಲ್ಯುಡಿ)

ಮೊದಲ ‘ಡಿ’ ಇದು ಅನುಮತಿಗಳ ಪಟ್ಟಿ ಎಂದು ಹೇಳುತ್ತದೆ. ‘ಪಿ’ ಈ ಪಟ್ಟಿಗೆ ಮೇಲಿನಿಂದ ಬೇರೇನೂ ಆನುವಂಶಿಕವಾಗಿ ಸೇರದಂತೆ ತಡೆಯುತ್ತದೆ. ಆಮೇಲೆ ಬರುವ ಪ್ರತಿ ಆವರಣವೂ ಒಂದು ನಮೂದು. ಅದರೊಳಗಿನ ‘ಎ’ ಎಂದರೆ ಅನುಮತಿಸು, ನಡುವಿನ ಅಕ್ಷರಗಳು ಹಕ್ಕುಗಳು, ಕೊನೆಯವು ಯಾರಿಗೆ ಎಂಬುದು. ‘ಜಿಎ’ ಎಂದರೆ ಎಲ್ಲ ಹಕ್ಕು. ‘ಜಿಆರ್’, ‘ಜಿಡಬ್ಲ್ಯು’, ‘ಜಿಎಕ್ಸ್’ ಎಂದರೆ ಕ್ರಮವಾಗಿ ಓದುವ, ಬರೆಯುವ, ಎಕ್ಸಿಕ್ಯೂಟ್ ಹಕ್ಕು. ‘ಎಸ್‌ವೈ’ ಸಿಸ್ಟಮ್ ಖಾತೆ, ‘ಬಿಎ’ ಅಡ್ಮಿನಿಸ್ಟ್ರೇಟರ್ ಗುಂಪು, ‘ಡಬ್ಲ್ಯುಡಿ’ ಎಲ್ಲರೂ. ಅರ್ಧವಿರಾಮಗಳ ನಡುವಿನ ಖಾಲಿ ಜಾಗಗಳನ್ನು ಹಾಗೆಯೇ ಬಿಡಬೇಕು. ಒಂದು ಅರ್ಧವಿರಾಮ ಕಡಿಮೆಯಾದರೂ ಸಾಲನ್ನು ವಿಂಡೋಸ್ ಒಪ್ಪುವುದಿಲ್ಲ. ಇಂಥ ಸಾಮಾನ್ಯ ಸಾಲುಗಳಿಗೆ ಡ್ರೈವರ್ ಕಿಟ್‌ನ ಡಬ್ಲ್ಯುಡಿಎಮ್‌ಸೆಕ್ ಹೆಡರ್‌ನಲ್ಲಿ ಸಿದ್ಧ ಹೆಸರುಗಳಿವೆ. ಅವುಗಳಲ್ಲಿ ನಿಮ್ಮ ಪಟ್ಟಿಗೆ ಹೊಂದುವುದೊಂದಿದ್ದರೆ ಅದನ್ನೇ ಬಳಸಿ.

ಇಲ್ಲಿ ಒಂದು ಸೂಕ್ಷ್ಮವನ್ನು ಚೆನ್ನಾಗಿ ನೆನಪಿಡಬೇಕು. ‘ಡಿ:ಪಿ’ ಎಂದಷ್ಟೇ ಬರೆದು ಯಾವ ನಮೂದನ್ನೂ ಕೊಡದಿದ್ದರೆ ಅದು ಖಾಲಿ ಪಟ್ಟಿ. ಯೂಸರ್ ಮೋಡ್‌ನಿಂದ, ಅಂದರೆ ಕರ್ನಲ್‌ನ ಹೊರಗೆ ಓಡುವ ಪ್ರೋಗ್ರಾಮ್‌ಗಳಿಂದ, ಸಾಧನವನ್ನು ಯಾರೂ ತೆರೆಯಲಾರರು. ಪಟ್ಟಿಯೇ ಇಲ್ಲದಿದ್ದರೆ, ಅಂದರೆ ಅದರ ಜಾಗದಲ್ಲಿ ನಲ್ ಇದ್ದರೆ, ಎಲ್ಲರಿಗೂ ಪೂರ್ಣ ಹಕ್ಕು ಸಿಗುತ್ತದೆ. ಖಾಲಿ ಪಟ್ಟಿ ಮತ್ತು ಇಲ್ಲದ ಪಟ್ಟಿ ಮೇಲ್ನೋಟಕ್ಕೆ ಒಂದೇ ಎನಿಸಿದರೂ ಫಲ ಪೂರ್ತಿ ತದ್ವಿರುದ್ಧ.

ಫರ್ಮ್‌ವೇರ್ ಬರೆಯುವ ಕೆಲಸಕ್ಕೆ ಮೇಲಿನ ಸಾಲು ಸಾಲದು, ಏಕೆಂದರೆ ಅಡ್ಮಿನಿಸ್ಟ್ರೇಟರ್‌ಗೂ ಬರೆಯುವ ಹಕ್ಕಿದೆ. ಒಂದೇ ಸಾಧನದೊಳಗೆ ಪರಿಶೀಲನೆಯ ಮೇಲೆ ಪರಿಶೀಲನೆ ಪೇರಿಸುವುದಕ್ಕಿಂತ ಪ್ರತ್ಯೇಕ ಕಂಟ್ರೋಲ್ ಡಿವೈಸ್ (ಕೋರಿಕೆಗಳನ್ನು ಸ್ವೀಕರಿಸಲೆಂದೇ ಇರುವ ಡಿವೈಸ್ ಆಬ್ಜೆಕ್ಟ್) ಒಂದನ್ನು ಸೃಷ್ಟಿಸಿ, ಅದಕ್ಕೆ ಡಿ:ಪಿ(ಎ;;ಜಿಎ;;;ಎಸ್‌ವೈ) ಎಂಬ ಸಾಲನ್ನು ಕೊಡುವುದು ನನ್ನ ಶಿಫಾರಸು. ಇದರ ಮಿತಿಯನ್ನೂ ತಿಳಿದಿರಬೇಕು: ಅಡ್ಮಿನಿಸ್ಟ್ರೇಟರ್ ಆಗಿರುವವರು ಮನಸ್ಸು ಮಾಡಿದರೆ ಸಿಸ್ಟಮ್ ಖಾತೆಯಾಗಿಯೂ ಓಡಬಲ್ಲರು, ಮತ್ತು ಅಡ್ಮಿನಿಸ್ಟ್ರೇಟರ್‌ನಿಂದ ಕರ್ನಲ್‌ಗಿರುವ ಗೆರೆಯನ್ನು ಮೈಕ್ರೋಸಾಫ್ಟ್ ಭದ್ರತಾ ಗಡಿ ಎಂದು ಪರಿಗಣಿಸುವುದಿಲ್ಲ. ಹಾಗಿದ್ದರೂ ಕೈತಪ್ಪಿ ಆಗುವ ಅನಾಹುತವನ್ನು ಈ ವಿಭಜನೆ ತಡೆಯುತ್ತದೆ, ಮತ್ತು ಕೋಡ್ ಓದುವವರಿಗೆ ಯಾವ ಬಾಗಿಲು ಯಾರಿಗೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಹಂತ 3: ಸಾಲನ್ನು ಸರಿಯಾದ ಜಾಗದಲ್ಲಿ ಇಡುವುದು

ವಿಂಡೋಸ್ ತಾನಾಗಿಯೇ ಪತ್ತೆಹಚ್ಚುವ ಪ್ಲಗ್ ಆ್ಯಂಡ್ ಪ್ಲೇ ಸಾಧನಕ್ಕೆ ಅನುಮತಿಯ ಜಾಗ ಐಎನ್‌ಎಫ್ ಕಡತ, ಅಂದರೆ ಡ್ರೈವರ್ ಅನ್ನು ಹೇಗೆ ಸ್ಥಾಪಿಸಬೇಕೆಂದು ಹೇಳುವ ಪಠ್ಯ ಕಡತ. ಇನ್‌ಸ್ಟಾಲ್ ವಿಭಾಗದ ಹೆಸರಿಗೆ ಕೊನೆಯಲ್ಲಿ ಚುಕ್ಕಿ ಮತ್ತು ‘ಎಚ್‌ಡಬ್ಲ್ಯು’ ಸೇರಿಸಿದ ವಿಭಾಗದಲ್ಲಿ ಆ್ಯಡ್‌ರೆಗ್ ಸೂಚನೆ ಕೊಟ್ಟು, ಅದು ತೋರಿಸುವ ಭಾಗದಲ್ಲಿ ‘ಸೆಕ್ಯೂರಿಟಿ’ ಎಂಬ ಹೆಸರಿನ ಮೌಲ್ಯವಾಗಿ ಮೇಲಿನ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಪ್ಲಗ್ ಆ್ಯಂಡ್ ಪ್ಲೇ ಮ್ಯಾನೇಜರ್ ಇದನ್ನು ಓದಿ ಆ ಸಾಧನದ ಡಿವೈಸ್ ಸ್ಟ್ಯಾಕ್‌ನಲ್ಲಿರುವ (ಒಂದೇ ಸಾಧನಕ್ಕೆ ಹಲವು ಡ್ರೈವರ್‌ಗಳು ಒಂದರ ಮೇಲೊಂದು ಪೇರಿಸಿದ) ಎಲ್ಲ ಆಬ್ಜೆಕ್ಟ್‌ಗಳಿಗೂ ಅನ್ವಯಿಸುತ್ತದೆ. ಇಂಥ ಸ್ಟ್ಯಾಕ್‌ನಲ್ಲಿ ನಿಮ್ಮ ಫಂಕ್ಷನ್ ಡ್ರೈವರ್ ಸೃಷ್ಟಿಸುವ ಆಬ್ಜೆಕ್ಟ್‌ಗೆ ಹೆಸರು ಕೊಡಬೇಡಿ. ಹೆಸರು ಕೊಟ್ಟರೆ ಅದೇ ಸ್ಟ್ಯಾಕ್‌ಗೆ ಎರಡು ಬಾಗಿಲುಗಳಾಗುತ್ತವೆ, ಒಂದರ ಬೀಗ ನಿಮಗೆ ಗೊತ್ತಿದ್ದರೂ ಇನ್ನೊಂದರದ್ದು ಮರೆತುಹೋಗುತ್ತದೆ. ಅಪ್ಲಿಕೇಶನ್‌ಗಳು ಸಾಧನವನ್ನು ಹುಡುಕಲು ಡಿವೈಸ್ ಇಂಟರ್‌ಫೇಸ್ ನೋಂದಾಯಿಸಿದರೆ ಸಾಕು.

ಹಾರ್ಡ್‌ವೇರ್‌ಗೆ ಅಂಟಿಕೊಳ್ಳದ, ಹೆಸರುಳ್ಳ ಕಂಟ್ರೋಲ್ ಡಿವೈಸ್‌ಗೆ ಐಎನ್‌ಎಫ್‌ನ ಈ ಮಾರ್ಗ ನೆರವಾಗದು. ಅಲ್ಲಿ ಐಒಕ್ರಿಯೇಟ್‌ಡಿವೈಸ್ ಅನ್ನು ಕರೆಯುವ ಬದಲು ಐಒಕ್ರಿಯೇಟ್‌ಡಿವೈಸ್‌ಸೆಕ್ಯೂರ್ ಅನ್ನು ಕರೆಯಿರಿ. ಮೊದಲನೆಯದರಲ್ಲಿ ನೀವು ಅನುಮತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಸಾಧನದ ಬಗೆಯನ್ನು ನೋಡಿ ವಿಂಡೋಸ್ ತನ್ನದೇ ಡೀಫಾಲ್ಟ್ ಕೊಡುತ್ತದೆ. ಎರಡನೆಯದು ಅನುಮತಿ ಸಾಲನ್ನೂ ಒಂದು ಜಿಯುಐಡಿಯನ್ನೂ (ಬೇರೆಲ್ಲೂ ಇಲ್ಲದ ಗುರುತು ಸಂಖ್ಯೆಯನ್ನೂ) ಕೇಳುತ್ತದೆ. ಈ ಜಿಯುಐಡಿಯನ್ನು ಹೊಸದಾಗಿ ಸೃಷ್ಟಿಸಿಕೊಳ್ಳಿ. ಬೇರೆ ಸಾಧನ ವರ್ಗದ್ದನ್ನು ನಕಲು ಮಾಡಿದರೆ, ಆ ವರ್ಗಕ್ಕೆ ರಿಜಿಸ್ಟ್ರಿಯಲ್ಲಿ ಯಾರಾದರೂ ಬೇರೆ ಅನುಮತಿ ನಿಗದಿಪಡಿಸಿದ್ದಾಗ ಅದು ನಿಮ್ಮ ಸಾಲನ್ನು ಪಕ್ಕಕ್ಕೆ ತಳ್ಳುತ್ತದೆ. ಮೈಕ್ರೋಸಾಫ್ಟ್‌ನ ಡ್ರೈವರ್ ಚೌಕಟ್ಟಾದ ಕೆಎಮ್‌ಡಿಎಫ್ ಬಳಸುವವರು ಡಬ್ಲ್ಯುಡಿಎಫ್‌ಕಂಟ್ರೋಲ್‌ಡಿವೈಸ್‌ಇನಿಟ್‌ಅಲೊಕೇಟ್ ಎಂಬ ಫಂಕ್ಷನ್‌ಗೆ ಅನುಮತಿ ಸಾಲನ್ನು ನೇರವಾಗಿ ಕೊಡಬಹುದು.

‘ಎಕ್ಸ್‌ಕ್ಲೂಸಿವ್’ ಎಂಬ ಆಯ್ಕೆಯನ್ನು ಭದ್ರತೆಯೆಂದು ತಿಳಿಯುವವರಿದ್ದಾರೆ. ಅದು ಏಕಕಾಲಕ್ಕೆ ಎಷ್ಟು ಮಂದಿ ತೆರೆಯಬಹುದು ಎಂಬುದಕ್ಕೆ ಸಂಬಂಧಿಸಿದ್ದೇ ಹೊರತು ಯಾರು ತೆರೆಯಬಹುದು ಎಂಬುದಕ್ಕಲ್ಲ. ಸಿಂಬಾಲಿಕ್ ಲಿಂಕ್‌ನ (ಅಪ್ಲಿಕೇಶನ್‌ಗಳು ಸಾಧನವನ್ನು ತೆರೆಯಲು ಬಳಸುವ ಅಡ್ಡಹೆಸರಿನ) ಹೆಸರನ್ನು ಊಹಿಸಲಾಗದಂತೆ ಇಡುವುದರಿಂದಲೂ ಪ್ರಯೋಜನವಿಲ್ಲ, ಹೆಸರುಗಳನ್ನು ಯಾರು ಬೇಕಾದರೂ ಪಟ್ಟಿ ಮಾಡಿ ನೋಡಬಹುದು.

ಹಂತ 4: ಸಾಧನದ ಹೆಸರಿನ ನಂತರದ ಜಾಗ

ಅನುಮತಿ ಸಾಲು ಎಷ್ಟೇ ಬಿಗಿಯಾಗಿದ್ದರೂ ಈ ಹಂತ ತಪ್ಪಿದರೆ ಆ ಶ್ರಮವೆಲ್ಲ ವ್ಯರ್ಥ. ಸಾಧನವನ್ನು ಅದರ ಹೆಸರಿನಿಂದ ನೇರವಾಗಿ ತೆರೆದಾಗ ಐಒ ಮ್ಯಾನೇಜರ್ ಅನುಮತಿಯನ್ನು ಪರಿಶೀಲಿಸುತ್ತದೆ. ಆದರೆ ಹೆಸರಿನ ನಂತರ ಒಂದು ಹಿಮ್ಮುಖ ಓರೆಗೆರೆ ಹಾಕಿ ಇನ್ನೇನಾದರೂ ಅಕ್ಷರ ಸೇರಿಸಿ ತೆರೆದರೆ, ಅದು ಸಾಧನದೊಳಗಿನ ಕಡತವೆಂದು ಭಾವಿಸಿ, ಪರಿಶೀಲನೆಯ ಹೊಣೆಯನ್ನು ಡ್ರೈವರ್‌ಗೆ ಬಿಟ್ಟುಬಿಡುತ್ತದೆ. ಫೈಲ್ ಸಿಸ್ಟಮ್‌ಗಳಿಗೆ ಇದು ಬೇಕೇ ಬೇಕು. ನಮ್ಮ ಫ್ಯಾನ್ ಸಾಧನದಂಥದ್ದಕ್ಕೆ ಇದು ತೆರೆದ ಹಿತ್ತಲ ಬಾಗಿಲು: ಮುಂದೆ ನಿಂತು ಕೇಳಿದವನಿಗೆ ‘ಇಲ್ಲ’ ಎಂದ ಸಾಧನ, ಹೆಸರಿನ ಕೊನೆಗೆ ಒಂದಕ್ಷರ ಸೇರಿಸಿ ಕೇಳಿದವನಿಗೆ ಹ್ಯಾಂಡಲ್, ಅಂದರೆ ತೆರೆದ ಸಾಧನವನ್ನು ಬಳಸುವ ಹಿಡಿ, ಕೊಟ್ಟುಬಿಡುತ್ತದೆ.

ಇದನ್ನು ಮುಚ್ಚುವ ಫ್ಲ್ಯಾಗ್‌ನ ಹೆಸರು ಫೈಲ್_ಡಿವೈಸ್_ಸೆಕ್ಯೂರ್_ಓಪನ್, ಮೌಲ್ಯ ಹೆಕ್ಸ್ (ಅಂದರೆ ಹದಿನಾರರ ಆಧಾರದ ಸಂಖ್ಯೆ) 100. ಡಿವೈಸ್ ಸೃಷ್ಟಿಸುವ ಕರೆಯ ಕ್ಯಾರಕ್ಟರಿಸ್ಟಿಕ್ಸ್ ಜಾಗದಲ್ಲಿ ಇದನ್ನು ಕೊಡಿ. ಪ್ಲಗ್ ಆ್ಯಂಡ್ ಪ್ಲೇ ಸಾಧನಕ್ಕೆ ಐಎನ್‌ಎಫ್‌ನಲ್ಲಿ ಸೆಕ್ಯೂರಿಟಿ ಸಾಲಿನ ಪಕ್ಕದಲ್ಲೇ ‘ಡಿವೈಸ್‌ಕ್ಯಾರಕ್ಟರಿಸ್ಟಿಕ್ಸ್’ ಮೌಲ್ಯವಾಗಿಯೂ ಬರೆಯಿರಿ. ಫ್ಲ್ಯಾಗ್ ಇದ್ದಾಗ ಹೆಸರಿನ ನಂತರ ಏನೇ ಇದ್ದರೂ ಸಾಧನದ ಅನುಮತಿಯೇ ಪರಿಶೀಲನೆಗೆ ಒಳಗಾಗುತ್ತದೆ. ಇದರ ಜೊತೆಗೆ ಕ್ರಿಯೇಟ್ ಕೋರಿಕೆಯನ್ನು ನಿಭಾಯಿಸುವ ನಿಮ್ಮ ಫಂಕ್ಷನ್‌ನಲ್ಲಿ ಫೈಲ್ ಆಬ್ಜೆಕ್ಟ್‌ನ ಕಡತದ ಹೆಸರಿನ ಉದ್ದವನ್ನು ನೋಡಿ, ಅದು ಸೊನ್ನೆಯಾಗಿಲ್ಲದಿದ್ದರೆ ಕೋರಿಕೆಯನ್ನು ನಿರಾಕರಿಸಿ. ಬಳಸದ ಹೆಸರನ್ನು ಒಪ್ಪಿಕೊಳ್ಳಲು ನಮ್ಮ ಸಾಧನಕ್ಕೆ ಯಾವ ಕಾರಣವೂ ಇಲ್ಲ.

ಹಂತ 5: ಪ್ರತಿಯೊಂದು ಐಒ ಕಂಟ್ರೋಲ್ ಕೋಡ್‌ಗೂ ಅದರದೇ ಹಕ್ಕು

ನಮ್ಮ ಮುಖ್ಯ ಸಾಧನವನ್ನು ಎಲ್ಲರೂ ಓದಲೆಂದು ತೆರೆಯಬಹುದು ಎಂದು ನಾವೇ ನಿರ್ಧರಿಸಿದ್ದೇವೆ. ಹಾಗೆ ತೆರೆದವರು ಫ್ಯಾನ್ ವೇಗ ಬದಲಿಸುವ ಕೋರಿಕೆಯನ್ನು ಕಳುಹಿಸಿದರೆ ತಡೆಯುವುದು ಯಾವುದು? ಯಾವ ಕೆಲಸ ಬೇಕೆಂದು ಹೇಳಲು ಪ್ರತಿ ಕೋರಿಕೆಯ ಜೊತೆ ಬರುವ ಸಂಖ್ಯೆಯಾದ ಕಂಟ್ರೋಲ್ ಕೋಡ್‌ನೊಳಗಿರುವ ಎರಡು ಬಿಟ್‌ಗಳು ಮಾತ್ರ.

32 ಬಿಟ್‌ಗಳ ಈ ಕೋಡ್‌ನಲ್ಲಿ ಮೇಲಿನ 16 ಬಿಟ್‌ಗಳು ಸಾಧನದ ಬಗೆ, 15 ಮತ್ತು 14ನೆಯ ಬಿಟ್‌ಗಳು ಬೇಕಾದ ಹಕ್ಕು, 13ರಿಂದ 2ರವರೆಗಿನವು ಫಂಕ್ಷನ್ ಸಂಖ್ಯೆ, ಕೊನೆಯ ಎರಡು ಬಫರ್ (ಕೋರಿಕೆಯ ದತ್ತಾಂಶವಿರುವ ಮೆಮೊರಿ ಜಾಗ) ಸಾಗಿಸುವ ವಿಧಾನ. ಸಾಧನದ ಬಗೆಯಲ್ಲಿ ಹೆಕ್ಸ್ 8000ದಿಂದ ಮೇಲಿನವು, ಫಂಕ್ಷನ್ ಸಂಖ್ಯೆಯಲ್ಲಿ ಹೆಕ್ಸ್ 800ರಿಂದ ಮೇಲಿನವು ಮೈಕ್ರೋಸಾಫ್ಟ್‌ನ ಹೊರಗಿನವರಿಗೆ ಮೀಸಲು. ಹಕ್ಕಿನ ಜಾಗದಲ್ಲಿ ಫೈಲ್_ಎನಿ_ಆ್ಯಕ್ಸೆಸ್ ಎಂದರೆ 0, ಓದುವ ಹಕ್ಕು ಎಂದರೆ 1, ಬರೆಯುವ ಹಕ್ಕು ಎಂದರೆ 2, ಎರಡೂ ಬೇಕೆಂದರೆ 3. ಕೋರಿಕೆ ಬಂದಾಗ ಐಒ ಮ್ಯಾನೇಜರ್ ಆ ಹ್ಯಾಂಡಲ್ ತೆರೆದಾಗ ಸಿಕ್ಕಿದ ಹಕ್ಕಿನೊಂದಿಗೆ ಈ ಬಿಟ್‌ಗಳನ್ನು ಹೋಲಿಸಿ, ಸಾಲದಿದ್ದರೆ ಕೋರಿಕೆಯನ್ನು ಡ್ರೈವರ್‌ವರೆಗೂ ಬಿಡದೆ ಹಿಂದಿರುಗಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಸಾಧನದ ಬಗೆ ಹೆಕ್ಸ್ 8000, ವಿಧಾನ ಮೆಥಡ್_ಬಫರ್ಡ್, ಅಂದರೆ 0. ತಾಪಮಾನ ಓದುವ ಫಂಕ್ಷನ್ 800ಕ್ಕೆ ಓದುವ ಹಕ್ಕು ಸೇರಿಸಿದರೆ ಕೋಡ್ ಹೆಕ್ಸ್ 80006000 ಆಗುತ್ತದೆ. ಫ್ಯಾನ್ ವೇಗ ಬದಲಿಸುವ ಫಂಕ್ಷನ್ 801ಕ್ಕೆ ಬರೆಯುವ ಹಕ್ಕು ಸೇರಿಸಿದರೆ ಹೆಕ್ಸ್ 8000ಎ004. ಅದೇ ಫಂಕ್ಷನ್‌ಗೆ ಯೋಚಿಸದೆ ಫೈಲ್_ಎನಿ_ಆ್ಯಕ್ಸೆಸ್ ಹಾಕಿದ್ದರೆ ಹೆಕ್ಸ್ 80002004 ಆಗುತ್ತಿತ್ತು, ಮತ್ತು ಓದಲೆಂದು ತೆರೆದ ಯಾರು ಬೇಕಾದರೂ ಫ್ಯಾನ್ ನಿಲ್ಲಿಸಬಹುದಿತ್ತು. ಫಂಕ್ಷನ್ ಸಂಖ್ಯೆ 800ರಿಂದ ಬಿಎಫ್‌ಎಫ್‌ವರೆಗೆ ಇರುವಷ್ಟು ಕಾಲ ಬಲದಿಂದ ನಾಲ್ಕನೆಯ ಹೆಕ್ಸ್ ಅಂಕಿಯನ್ನು ನೋಡಿದರೆ ಹಕ್ಕು ತಿಳಿದುಬಿಡುತ್ತದೆ: 2 ಎಂದರೆ ಯಾವ ಹಕ್ಕೂ ಬೇಡ, 6 ಎಂದರೆ ಓದುವ ಹಕ್ಕು, ‘ಎ’ ಎಂದರೆ ಬರೆಯುವ ಹಕ್ಕು, ‘ಇ’ ಎಂದರೆ ಎರಡೂ. ಬೇರೆಯವರ ಡ್ರೈವರ್ ಪರಿಶೀಲಿಸುವಾಗ ನಾನು ಮೊದಲು ಹುಡುಕುವುದೇ ಆ ಜಾಗದಲ್ಲಿ ಸಾಲಾಗಿ ನಿಂತ 2ಗಳನ್ನು.

ಫೈಲ್_ಎನಿ_ಆ್ಯಕ್ಸೆಸ್‌ನ ಮೌಲ್ಯ ಸೊನ್ನೆಯಾಗಿರುವುದು, ಬಹಳಷ್ಟು ಮಾದರಿ ಕೋಡ್‌ಗಳಲ್ಲಿ ಅದೇ ಕಾಣಿಸುವುದು, ಅದನ್ನೇ ಎಲ್ಲರೂ ನಕಲು ಮಾಡುವುದು, ಇವು ಮೂರೂ ಸೇರಿ ಅದನ್ನು ಅತಿ ಸುಲಭದ ಆಯ್ಕೆಯನ್ನಾಗಿ ಮಾಡಿವೆ. ಅದನ್ನು ಬಳಸುವ ಪ್ರತಿಯೊಂದು ಕೋಡ್‌ನ ಪಕ್ಕದಲ್ಲೂ ಕಾರಣ ಬರೆಯಬೇಕೆಂದು ನಿಮ್ಮ ತಂಡದಲ್ಲಿ ನಿಯಮ ಮಾಡಿ. ಡ್ರೈವರ್‌ನ ಆವೃತ್ತಿ ಸಂಖ್ಯೆಯನ್ನು ಹೇಳುವ ಕೋರಿಕೆಗೆ ಕಾರಣ ಸಿಗುತ್ತದೆ. ರಿಜಿಸ್ಟರ್ ಬರೆಯುವ ಕೋರಿಕೆಗೆ ಸಿಗುವುದಿಲ್ಲ.

ಈಗಾಗಲೇ ಬಿಡುಗಡೆಯಾದ ಡ್ರೈವರ್‌ನಲ್ಲಿ ಕೋಡ್ ಬದಲಿಸಿದರೆ ಹಳೆಯ ಅಪ್ಲಿಕೇಶನ್‌ಗಳು ನಿಂತುಹೋಗುತ್ತವೆ. ಅಂಥಲ್ಲಿ ಐಒವ್ಯಾಲಿಡೇಟ್‌ಡಿವೈಸ್‌ಐಒಕಂಟ್ರೋಲ್‌ಆ್ಯಕ್ಸೆಸ್ ಎಂಬ ಫಂಕ್ಷನ್‌ನಿಂದ, ಸಂಖ್ಯೆಯನ್ನು ಹಾಗೆಯೇ ಉಳಿಸಿಕೊಂಡು ಡ್ರೈವರ್‌ನೊಳಗೇ ಹೆಚ್ಚಿನ ಹಕ್ಕನ್ನು ಕೇಳಬಹುದು. ಇಷ್ಟೆಲ್ಲ ಆದ ಮೇಲೂ ಬಫರ್‌ನ ಉದ್ದ ಮತ್ತು ಮೌಲ್ಯಗಳ ಪರಿಶೀಲನೆ ಬೇರೆಯೇ ಕೆಲಸ. ಅನುಮತಿ ಇರುವವನೂ ತಪ್ಪು ಬಫರ್ ಕಳುಹಿಸುತ್ತಾನೆ.

ಹಂತ 6: ಡ್ರೈವರ್ ತಾನೇ ತೆರೆಯುವ ವಸ್ತುಗಳು

ಬಳಕೆದಾರನ ಕೋರಿಕೆಯ ಮೇರೆಗೆ ಡ್ರೈವರ್ ಒಂದು ಕಡತವನ್ನೋ ರಿಜಿಸ್ಟ್ರಿ ಕೀಯನ್ನೋ ತೆರೆದರೆ, ಕರ್ನಲ್‌ನಿಂದ ಹೋದ ಆ ಕರೆಗೆ ಸಾಮಾನ್ಯವಾಗಿ ಅನುಮತಿ ಪರಿಶೀಲನೆಯೇ ನಡೆಯುವುದಿಲ್ಲ. ಬಳಕೆದಾರ ಕೊಟ್ಟ ಹೆಸರನ್ನು ಡ್ರೈವರ್ ಹಾಗೆಯೇ ತೆರೆದರೆ ಅವನಿಗಿಲ್ಲದ ಅಧಿಕಾರವನ್ನು ನಾವೇ ಎರವಲು ಕೊಟ್ಟಂತೆ. ಆದ್ದರಿಂದ ಆಬ್ಜೆಕ್ಟ್ ಆಟ್ರಿಬ್ಯೂಟ್ಸ್‌ನಲ್ಲಿ ಒಬಿಜೆ_ಫೋರ್ಸ್_ಆ್ಯಕ್ಸೆಸ್_ಚೆಕ್ ಫ್ಲ್ಯಾಗ್ ಹಾಕಿ, ಮತ್ತು ಆ ಹ್ಯಾಂಡಲ್ ಯೂಸರ್ ಪ್ರೊಸೆಸ್‌ನ ಕೈಗೆ ಸಿಗದಂತೆ ಒಬಿಜೆ_ಕರ್ನಲ್_ಹ್ಯಾಂಡಲ್ ಅನ್ನೂ ಸೇರಿಸಿ.

ಹಂತ 7: ನಿರಾಕರಣೆಯನ್ನು ಪರೀಕ್ಷಿಸುವುದು

ಕೆಲಸ ಮಾಡಬೇಕಾದದ್ದು ಮಾಡುತ್ತಿದೆಯೇ ಎಂದು ಎಲ್ಲರೂ ಪರೀಕ್ಷಿಸುತ್ತಾರೆ. ಇಲ್ಲಿ ಬೇಕಾದದ್ದು, ಆಗಬಾರದ್ದು ಆಗುತ್ತಿಲ್ಲ ಎಂಬುದರ ಪರೀಕ್ಷೆ. ವರ್ಚುವಲ್ ಮಷಿನ್ ಒಂದರಲ್ಲಿ, ಸಾಧನವನ್ನು ಯಾವ ಹಕ್ಕೂ ಕೇಳದೆ, ಓದಲು, ಬರೆಯಲು, ಎರಡಕ್ಕೂ ಹೀಗೆ ನಾಲ್ಕು ಬಗೆಯಲ್ಲಿ ತೆರೆದು, ತೆರೆದ ಪ್ರತಿ ಹ್ಯಾಂಡಲ್‌ನಿಂದಲೂ ಎಲ್ಲ ಕಂಟ್ರೋಲ್ ಕೋಡ್‌ಗಳನ್ನು ಕಳುಹಿಸುವ ಚಿಕ್ಕ ಪ್ರೋಗ್ರಾಮ್ ಬರೆಯಿರಿ. ಅದನ್ನು ಸಾಮಾನ್ಯ ಬಳಕೆದಾರನಾಗಿ, ಎಲಿವೇಟ್ ಆಗದ (ಅಂದರೆ ಪ್ರೋಗ್ರಾಮನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡಿಸದ) ಅಡ್ಮಿನಿಸ್ಟ್ರೇಟರ್ ಆಗಿ, ಎಲಿವೇಟ್ ಆದ ಅಡ್ಮಿನಿಸ್ಟ್ರೇಟರ್ ಆಗಿ, ಸಿಸ್ಟಮ್ ಖಾತೆಯಾಗಿ ನಾಲ್ಕು ಬಾರಿ ಓಡಿಸಿ.

ಸಾಮಾನ್ಯ ಬಳಕೆದಾರ ಮುಖ್ಯ ಸಾಧನವನ್ನು ಓದಲು ತೆರೆಯಬಲ್ಲ, 80006000 ಅವನಿಗೆ ತಾಪಮಾನ ಕೊಡುತ್ತದೆ, 8000ಎ004 ದೋಷ ಸಂಖ್ಯೆ 5ನ್ನು ಹಿಂದಿರುಗಿಸುತ್ತದೆ, ಅಂದರೆ ಪ್ರವೇಶ ನಿರಾಕರಿಸಲಾಗಿದೆ. ಬರೆಯಲು ತೆರೆಯುವ ಪ್ರಯತ್ನಕ್ಕೂ 5. ಎಲಿವೇಟ್ ಆಗದ ಅಡ್ಮಿನಿಸ್ಟ್ರೇಟರ್‌ಗೂ ಇದೇ ಫಲಿತಾಂಶ ಬರಬೇಕು, ಏಕೆಂದರೆ ಆ ಸ್ಥಿತಿಯ ಟೋಕನ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಗುಂಪು ನಿರಾಕರಣೆಗಷ್ಟೇ ಲೆಕ್ಕಕ್ಕೆ ಬರುತ್ತದೆ. ‘ನಾನು ಅಡ್ಮಿನಿಸ್ಟ್ರೇಟರ್, ಆದರೂ 5 ಬರುತ್ತಿದೆ’ ಎಂದು ಗಾಬರಿಗೊಂಡು ಅನುಮತಿಯನ್ನು ಎಲ್ಲರಿಗೂ ತೆರೆದಿಡುವ ತಪ್ಪು ಬಹುತೇಕ ಇಲ್ಲೇ ಹುಟ್ಟುತ್ತದೆ. ಅಲ್ಲಿ ಬದಲಾಗಬೇಕಾದದ್ದು ಪ್ರೋಗ್ರಾಮ್ ಓಡಿಸುವ ರೀತಿ. ಫರ್ಮ್‌ವೇರ್‌ನ ಕಂಟ್ರೋಲ್ ಡಿವೈಸ್ ಎಲಿವೇಟ್ ಆದ ಅಡ್ಮಿನಿಸ್ಟ್ರೇಟರ್‌ಗೂ 5 ಹೇಳಬೇಕು. ಹೆಸರಿನ ಕೊನೆಗೆ ಓರೆಗೆರೆಯನ್ನೂ ಒಂದಕ್ಷರವನ್ನೂ ಸೇರಿಸಿ ಇಡೀ ಪರೀಕ್ಷೆಯನ್ನು ಮತ್ತೆ ಓಡಿಸಿ. ಈಗ ಯಾರಿಗೂ, ಸಿಸ್ಟಮ್ ಖಾತೆಗೂ, ಹ್ಯಾಂಡಲ್ ಸಿಗಬಾರದು.

ನಿಜವಾಗಿ ಅನ್ವಯವಾಗಿರುವ ಅನುಮತಿಯನ್ನು ಕಣ್ಣಾರೆ ನೋಡಲು ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಉಪಕರಣಗಳಾದ ವಿನ್‌ಆಬ್ಜ್ ಮತ್ತು ಆ್ಯಕ್ಸೆಸ್‌ಚೆಕ್ ನೆರವಾಗುತ್ತವೆ. ಅನುಮತಿ ಸಾಲಿನ ಪರಿಶೀಲನೆ ನಡೆಯುವುದು ತೆರೆಯುವಾಗ ಒಮ್ಮೆ ಮಾತ್ರ. ಅನುಮತಿ ಬಿಗಿಗೊಳಿಸಿದ ಮೇಲೂ ಮೊದಲೇ ತೆರೆದ ಹ್ಯಾಂಡಲ್‌ಗಳು ಹಳೆಯ ಹಕ್ಕಿನಲ್ಲೇ ಮುಂದುವರಿಯುತ್ತವೆ. ಹಾಗಾಗಿ ಪ್ರತಿ ಬದಲಾವಣೆಯ ನಂತರ ಹ್ಯಾಂಡಲ್‌ಗಳನ್ನು ಮುಚ್ಚಿ ಹೊಸದಾಗಿ ತೆರೆದು ನೋಡಿ.

ಲಿನಕ್ಸ್‌ನಲ್ಲಿ ಬದಲಾಗುವುದೇನು

ಅಲ್ಲಿ ಸಾಧನವೆಂದರೆ ಡೆವ್ ಡೈರೆಕ್ಟರಿಯ ಒಂದು ನೋಡ್. ಡ್ರೈವರ್ ಏನೂ ಹೇಳದಿದ್ದರೆ ಆ ಡೈರೆಕ್ಟರಿಯನ್ನು ತುಂಬುವ ಡೆವ್‌ಟಿಎಂಪಿಎಫ್‌ಎಸ್ ಅದನ್ನು ರೂಟ್‌ನ ಹೆಸರಿನಲ್ಲಿ 0600 ಮೋಡ್‌ನೊಂದಿಗೆ, ಅಂದರೆ ಒಡೆಯನಿಗೆ ಮಾತ್ರ ಓದುವ ಬರೆಯುವ ಹಕ್ಕಿನೊಂದಿಗೆ, ಸೃಷ್ಟಿಸುತ್ತದೆ, ಇದು ಒಳ್ಳೆಯ ಆರಂಭ. ಯಾವ ಗುಂಪಿಗೆ ತೆರೆಯಬೇಕೆಂಬುದನ್ನು ಡ್ರೈವರ್‌ನಲ್ಲಿ ಬರೆಯುವುದಕ್ಕಿಂತ ಸಾಧನದ ನೋಡ್‌ಗಳನ್ನು ನಿರ್ವಹಿಸುವ ಯೂಡೆವ್‌ನ ನಿಯಮದಲ್ಲಿ ಗುಂಪು ಮತ್ತು 0660ರಂಥ ಮೋಡ್ ಕೊಟ್ಟು ನಿರ್ಧರಿಸುವುದು ಸೂಕ್ತ. ವಿಂಡೋಸ್‌ನಿಂದ ಬಂದವರು ಎಡವುವ ಜಾಗವೊಂದಿದೆ: ಅಲ್ಲಿನ ಐಒ ಕಂಟ್ರೋಲ್ ಸಂಖ್ಯೆಗಳಲ್ಲೂ ಓದು, ಬರಹ ಎಂಬ ಬಿಟ್‌ಗಳಿವೆ, ಆದರೆ ಅವು ದತ್ತಾಂಶ ಸಾಗುವ ದಿಕ್ಕನ್ನು ಹೇಳುತ್ತವೆಯೇ ಹೊರತು ಕರ್ನಲ್ ಅವುಗಳನ್ನು ನೋಡಿ ಯಾರನ್ನೂ ತಡೆಯುವುದಿಲ್ಲ. ಹ್ಯಾಂಡಲ್ ಬರೆಯಲೆಂದು ತೆರೆದದ್ದೇ ಎಂದು ಫೈಲ್‌ನ ಮೋಡ್‌ನಲ್ಲಿ ಎಫ್‌ಮೋಡ್_ರೈಟ್ ನೋಡುವುದು, ವಿಶೇಷ ಅಧಿಕಾರ ಬೇಕಾದಲ್ಲಿ ಕೇಪಬಲ್ ಫಂಕ್ಷನ್ ಕರೆಯುವುದು ಡ್ರೈವರ್‌ನದೇ ಹೊಣೆ. ಸಾಧನದ ವಿವರಗಳನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಕಡತಗಳಿಗೆ ಡಿವೈಸ್_ಆಟ್ರ್_ಆರ್‌ಒ ಬಳಸಿದರೆ 0444, ಡಿವೈಸ್_ಆಟ್ರ್_ಆರ್‌ಡಬ್ಲ್ಯು ಬಳಸಿದರೆ 0644 ತಾನಾಗಿಯೇ ಬರುತ್ತದೆ. ಸಂಖ್ಯೆಯನ್ನು ಕೈಯಾರೆ ಬರೆಯಬೇಡಿ.

ಹಳೆಯ ಆವೃತ್ತಿಯ ವಿಲೇವಾರಿ

ಅನುಮತಿಯ ದೋಷ ತಿದ್ದಿ ಹೊಸ ಡ್ರೈವರ್ ಬಿಡುಗಡೆ ಮಾಡಿದಾಗ ಹಳೆಯ ಕಡತ ಬಳಕೆದಾರರ ಯಂತ್ರಗಳಲ್ಲಿ ಉಳಿದಿರುತ್ತದೆ, ಮತ್ತು ಅದರ ಸಹಿ ಇನ್ನೂ ಮಾನ್ಯವಾಗಿರುತ್ತದೆ. ಆದ್ದರಿಂದ ಹೊಸ ಇನ್‌ಸ್ಟಾಲರ್ ಹಳೆಯ ಸರ್ವಿಸ್ ನಮೂದನ್ನೂ ಕಡತವನ್ನೂ ತೆಗೆದುಹಾಕಿ, ತೆಗೆಯಲಾಗದಿದ್ದರೆ ಅದನ್ನು ಬಳಕೆದಾರನಿಗೆ ಸ್ಪಷ್ಟವಾಗಿ ತಿಳಿಸುವಂತೆ ಬರೆಯಿರಿ. ದೋಷ ಗಂಭೀರವಾಗಿದ್ದರೆ ಹಳೆಯ ಆವೃತ್ತಿಯನ್ನು ಮೈಕ್ರೋಸಾಫ್ಟ್‌ನ ಅಪಾಯಕಾರಿ ಡ್ರೈವರ್‌ಗಳ ತಡೆಪಟ್ಟಿಗೆ ಸೇರಿಸುವಂತೆ ನೀವೇ ವಿನಂತಿಸಿ. ವಿಂಡೋಸ್ 11ರ 2022ರ ಅಪ್‌ಡೇಟ್‌ನಿಂದ ಈ ಪಟ್ಟಿ ಡೀಫಾಲ್ಟ್ ಆಗಿಯೇ ಜಾರಿಯಲ್ಲಿದೆ, ಮತ್ತು ಅದರಲ್ಲಿ ಸೇರಿದ ಆವೃತ್ತಿಯನ್ನು ಆಕ್ರಮಣಕಾರ ತಾನೇ ತಂದು ಹಾಕಿದರೂ ಕರ್ನಲ್ ಅದನ್ನು ಲೋಡ್ ಮಾಡುವುದಿಲ್ಲ.